ಬಾಗಿದವರ ನಕ್ಷೆ

ನಗು ಅರ್ಧಕ್ಕೆ ನಿಂತಿತು. ಸುಜಿತ್ ಮತ್ತೆ ಹಿಂದಕ್ಕೆ ಎಳೆದ.

ಪರದೆಯ ಎಡತುದಿಯಿಂದ ಎರಡು ಗೆರೆಗಳು ಹೊರಟವು, ಒಂದು ಹಸಿರು, ಒಂದು ನೀಲಿ. ಚಹಾದ ಕಪ್ಪು ಬಸಿಗೆ ತಾಗಿದ ಸದ್ದು. ಗಂಡು ದನಿಯಲ್ಲಿ ಏನೋ ಒಂದು ಮಾತು. ಆ ಮಾತು ಮುಗಿಯುವ ಮೊದಲೇ ಶುರುವಾದ ನಗು. ಹಸಿರು ಗೆರೆ ನೀಲಿಯ ಕಡೆಗೆ ಬಿಲ್ಲಿನಂತೆ ಬಾಗಿ, ಹಾಗೇ ಉಳಿಯಿತು.

ಹಸಿರು ಗೆರೆ ಅವನ ಹೆಂಡತಿ ಜೋಯ್ಲಿನ್. ನೀಲಿ ಗೆರೆ ಮೆಲ್ವಿನ್ ಕ್ರಾಸ್ತಾ. ಇಬ್ಬರೂ ದುಭಾಷಿಗಳು, ನದಿಯಾಚೆ ಬೆಂಗ್ರೆಯ ಸಭಾಭವನದಲ್ಲಿ ನಡೆಯುತ್ತಿದ್ದ ಮಾತುಕತೆಗೆ ಒಂದೇ ಗಾಜಿನ ಕೋಣೆಯಲ್ಲಿ ಪಕ್ಕಪಕ್ಕ ಕೂತು ಕೆಲಸ ಮಾಡುತ್ತಿದ್ದವರು. ಚಹಾದ ಬಿಡುವಿನಲ್ಲಿ ಮೈಕು ಆರಿಸಲು ಮರೆತಿದ್ದರು. ಅವರು ಆಡಿದ್ದು ಕೊಂಕಣಿ. ಸುಜಿತನಿಗೆ ಕೊಂಕಣಿ ಬಾರದು.

"ಎಂತ ಮಾರಾಯ್ರೆ, ಒಂದೇ ತುಂಡು ಎಷ್ಟು ಸಲ ಕೇಳ್ತೀರಿ?"

ಹಿಂದೆ ಡಾ. ಝುಲೇಖಾ ನಿಂತಿದ್ದರು. ಕಚೇರಿಯ ಮುಖ್ಯಸ್ಥೆ. ಕೈಯಲ್ಲಿ ಚಹಾ, ಕನ್ನಡಕ ತಲೆಯ ಮೇಲೆ.

"ಸದ್ದು ಸರಿ ಬರ್ತಾ ಇಲ್ಲ ಮೇಡಂ. ಪರೀಕ್ಷೆ ಮಾಡ್ತಾ ಇದ್ದೆ."

"ಅದು ದುಭಾಷಿಗಳ ಕೋಣೆ ಅಲ್ವಾ? ಅವರನ್ನು ಯಾವ ದೇಶಕ್ಕೆ ಸೇರಿಸಿದ್ರಿ?"

ಸುಜಿತ್ ಪರದೆ ಬದಲಿಸಿದ.

ಬೋಳಾರದ ಹಳೆಯ ಹೆಂಚಿನ ಕಾರ್ಖಾನೆಯೊಂದನ್ನು ತಂಪು ಮಾಡಿ, ಕಿಟಕಿ ಮುಚ್ಚಿ, ಒಳಗೆ ಯಂತ್ರ ಇಟ್ಟಿದ್ದರು. ಯಂತ್ರದ ಹೆಸರು ಬಾಗುಮಾಪಕ. ಅದರ ಹಿಂದಿನ ವಿಚಾರ ಸರಳ. ಇಬ್ಬರು ಮಾತಾಡುವಾಗ ಅವರಿಗೇ ಗೊತ್ತಿಲ್ಲದೆ ಒಬ್ಬರು ಇನ್ನೊಬ್ಬರಿಗೆ ಹೊಂದಿಕೊಳ್ಳುತ್ತಾರೆ. ಮಾತಿನ ವೇಗ ಬದಲಾಗುತ್ತದೆ, ದನಿ ಏರುತ್ತದೆ ಇಲ್ಲವೇ ಇಳಿಯುತ್ತದೆ, ಎದುರಿನವರು ಉಸಿರು ತೆಗೆದುಕೊಳ್ಳುವ ತನಕ ಕಾಯುವ ಅಭ್ಯಾಸ ಬರುತ್ತದೆ. ಯಾರು ಹೆಚ್ಚು ಹೊಂದಿಕೊಂಡರೋ ಅವರು ಬಾಗಿದವರು. ಭಾಷಣದಲ್ಲಿ ಸುಳ್ಳು ಹೇಳಬಹುದು, ಉಸಿರಿನಲ್ಲಿ ಹೇಳಲಾಗುವುದಿಲ್ಲ. ಹಡಗು, ವಿಮಾನ, ಬಂದರು ಎಣಿಸಿ ದೇಶಗಳ ಬಲವನ್ನು ಅಳೆಯುತ್ತಿದ್ದ ಕಾಲ ಹೋಗಿ, ಯಾರು ಯಾರಿಗೆ ಕಾಯುತ್ತಾರೆ ಎಂದು ಅಳೆಯುವ ಕಾಲ ಬಂದಿತ್ತು. ಮಾತುಕತೆಗೆ ಬಂದ ದೇಶಗಳೆಲ್ಲ ಧ್ವನಿಮುದ್ರಣಕ್ಕೆ ಒಪ್ಪಿ ಸಹಿ ಹಾಕಿದ್ದವು. ಮುದ್ರಿಸಿದ್ದನ್ನು ಏನು ಮಾಡುತ್ತಾರೆ ಎಂದು ಯಾರೂ ಕೇಳಿರಲಿಲ್ಲ.

ಯಂತ್ರಕ್ಕೆ ಕಿವಿ ತೆರೆಸಿದ್ದು ಮಂಗಳೂರಿನ ಮನೆಗಳು. ಅದನ್ನು ಕಟ್ಟಿದವರೆಲ್ಲ ತಮ್ಮ ತಮ್ಮ ಮನೆಯ ಊಟದ ಹೊತ್ತಿನ ಮಾತುಗಳನ್ನು ಮುದ್ರಿಸಿ ತಂದು ಅದಕ್ಕೆ ಕೇಳಿಸಿದ್ದರು. ಯಾವ ಲಕ್ಷಣಕ್ಕೆ ಎಷ್ಟು ತೂಕ ಎಂದು ಅವರೇ ಕೂತು ತೀರ್ಮಾನಿಸಿದ್ದರು. ಸುಜಿತನ ಮನೆಯ ಮಾತೂ ಅದರಲ್ಲಿತ್ತು. ಗಂಡ ಹೆಂಡತಿಯ ಗೆರೆಗಳು ಆಗ ಎರಡು ಹಳಿಗಳಂತೆ ನೇರವಾಗಿ ಬಂದಿದ್ದವು. ಅದನ್ನು ನೋಡಿ ಝುಲೇಖಾ, "ಆದರ್ಶ ದಂಪತಿ, ಫ್ರೇಮು ಹಾಕ್ಸಿ," ಎಂದಿದ್ದರು. ಅವನು ನಂಬಿದ್ದ.

ಈಗ ಆ ನೇರ ಗೆರೆ ಅವನನ್ನು ಚುಚ್ಚತೊಡಗಿತ್ತು. ನನ್ನ ಕಡೆಗೆ ಕೂದಲೆಳೆಯಷ್ಟೂ ಬಾಗದವಳು ಅವನ ಕಡೆಗೆ ಬಿಲ್ಲಾಗುವುದು ಹೇಗೆ?

*

"ಮೆಲ್ವಿನ್ ಎಂತ ಹೇಳಿದ ಇವತ್ತು?" ಸಂಜೆ ಬಿಜೈಯ ಮನೆಯಲ್ಲಿ ಅವನು ಕೇಳಿದ. ಪ್ರಶ್ನೆ ಹಗುರವಾಗಿರಲಿ ಎಂದು ಕೈಯಲ್ಲಿ ಪೇಪರು ಹಿಡಿದುಕೊಂಡಿದ್ದ.

ಜೋಯ್ಲಿನ್ ತೆಂಗಿನಕಾಯಿ ತುರಿಯುತ್ತಿದ್ದಳು. "ಎಂತದ್ದ್ ಹೇಳುದ್? ಕೆಲ್ಸ."

"ಕೆಲಸದಲ್ಲಿ ಅಷ್ಟು ನಗು ಬತ್ತಾ?"

ತುರಿಯುವ ಸದ್ದು ನಿಂತಿತು. "ಹ್ವಾಯ್, ನಾನ್ ನಕ್ಕದ್ದ್ ನಿಮ್ಗ್ ಯಾರ್ ಹೇಳ್ದ್ರ್?"

"ಯಾರೂ ಇಲ್ಲ. ಕೇಳ್ದೆ ಅಷ್ಟೆ."

ಮಂಚದ ಮೇಲೆ ಕಾಲು ಚಾಚಿದ್ದ ಅವನ ತಾಯಿ ಗಿರಿಜಮ್ಮ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು: "ಮಗಾ, ಹೆಣ್ಣ್ ನಗಾಡ್ರೆ ಲೆಕ್ಕ ಕೇಂತ್ಯಾ? ನಿನ್ನ್ ಅಪ್ಪಯ್ಯನೂ ಹಂಗೇ ಇದ್ದಿದ್ರ್."

ಜೋಯ್ಲಿನ್ ನಕ್ಕಳು. ಸುಜಿತ್ ಗಮನಿಸಿದ: ಅತ್ತೆಯ ಮಾತು ಪೂರ್ತಿ ಮುಗಿದ ಮೇಲೆ ನಕ್ಕಳು.

ಜೋಯ್ಲಿನ್ ಬೆಂದೂರಿನವಳು. ಮದುವೆಯಾಗಿ ಬಂದಾಗ ಅವಳಿಗೆ ಗೊತ್ತಿದ್ದದ್ದು ಕೊಂಕಣಿ, ತುಳು, ಶಾಲೆಯ ಕನ್ನಡ, ಮತ್ತೆ ಕಲಿತ ಪರದೇಶದ ಭಾಷೆಗಳು. ಗಿರಿಜಮ್ಮನಿಗೆ ಕುಂದಾಪುರದ ಕನ್ನಡ ಬಿಟ್ಟು ಬೇರೇನೂ ಬಾರದು. ಒಂದು ಮಳೆಗಾಲ ಮುಗಿಯುವುದರೊಳಗೆ ಜೋಯ್ಲಿನ್ ಎಷ್ಟು ಚೆನ್ನಾಗಿ ಕಲಿತಳೆಂದರೆ, ಕೋಟೇಶ್ವರದ ನೆಂಟರು ಅವಳ ಹೆಸರು ಕೇಳಿದ ಮೇಲೇ ಬೆಚ್ಚಿಬೀಳುತ್ತಿದ್ದರು. ಸುಜಿತ್ ಅದನ್ನು ಎಲ್ಲರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದ. ತನ್ನ ಬೈಕು ಎಷ್ಟು ಮೈಲೇಜು ಕೊಡುತ್ತದೆ ಎಂದು ಹೇಳುವ ಹಾಗೆ.

*

ಮಾತುಕತೆ ನಡೆದದ್ದು ಮಿಲಾವು ದ್ವೀಪಗಳ ವಿಷಯವಾಗಿ. ಭೂಪಟದಲ್ಲಿ ಅವು ಊಟದ ಎಲೆಯ ಅಂಚಿಗೆ ಉದುರಿದ ಅಗುಳುಗಳಂತೆ ಕಾಣುತ್ತವೆ. ಸೈನ್ಯವಿಲ್ಲ, ಎಣ್ಣೆಯಿಲ್ಲ, ಕುಡಿಯುವ ನೀರೂ ಇಲ್ಲ. ನೀರಿನ ಹಡಗು ಮಂಗಳೂರಿನಿಂದ ಹೋಗಬೇಕು. ಆದರೆ ದೊಡ್ಡ ಹಡಗು ದಾಟುವಷ್ಟು ಆಳದ ದಾರಿ ಆ ಸುತ್ತಿನಲ್ಲಿ ಇರುವುದು ಆ ದ್ವೀಪಗಳ ನಡುವೆ ಒಂದೇ. ಅರ್ಧ ಪ್ರಪಂಚದ ಸಂದೇಶಗಳು ಓಡುವ ಕೇಬಲ್ಲುಗಳೂ ಅಲ್ಲೇ ಸಮುದ್ರದ ತಳದಲ್ಲಿ ಮಲಗಿವೆ. ಮಿಲಾವು ಏನನ್ನೂ ಮಾಡಬೇಕಿರಲಿಲ್ಲ. ತನ್ನ ಜಾಗದಲ್ಲಿ ಕೂತಿದ್ದರೆ ಸಾಕಿತ್ತು. ಬಾಗಿಲಲ್ಲಿ ಕೂತವರನ್ನು ದಾಟಿಯೇ ಎಲ್ಲರೂ ಹೋಗಬೇಕು.

ಆ ದಾರಿಯ ಕಾವಲು ಯಾರಿಗೆ ಎಂಬುದು ಪ್ರಶ್ನೆ. ನಮ್ಮ ರಾಜಧಾನಿಗೆ ಬೇಕಿತ್ತು. ಪೂರ್ವಕೂಟದ ದೇಶಗಳಿಗೂ ಬೇಕಿತ್ತು. ತೀರ್ಮಾನ ಮಿಲಾವಿನ ಮಂತ್ರಿ ಸಕೀನಾ ಮಾನಿಕ ಎಂಬ ಹೆಂಗಸಿನದು.

ರಾಜಧಾನಿಯಿಂದ ಅವಸ್ಥಿಯ ಕರೆ ಬಂತು. ಈ ಮಾತುಕತೆಯ ಉಸ್ತುವಾರಿ ಅವರದು. ಪರದೆಯಲ್ಲಿ ಅವರ ಮುಖ ಕಂಡ ಕೂಡಲೇ ಝುಲೇಖಾ ಮತ್ತು ಸುಜಿತ್ ಇಬ್ಬರೂ ರಾಜಧಾನಿಯ ಭಾಷೆಗೆ ಹೊರಳಿದರು, ಯೋಚಿಸದೆ, ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದ ಹಾಗೆ.

"ನಕ್ಷೆ ತೋರಿಸಿ," ಎಂದರು ಅವಸ್ಥಿ.

ಸುಜಿತ್ ತೋರಿಸಿದ. ನಮ್ಮವರಿಗೂ ಮಿಲಾವಿಗೂ ನಡುವೆ ಗೆರೆ ನೇರ. ಮಿಲಾವಿನಿಂದ ಪೂರ್ವಕೂಟಕ್ಕೆ ಗೆರೆ ಬಿಲ್ಲು.

"ಅಂದರೆ ಆಕೆ ಅವರಿಗೆ ಬಾಗಿದ್ದಾಳೆ."

"ಯಂತ್ರ ಹಾಗೆ ಹೇಳುತ್ತದೆ ಸರ್," ಎಂದರು ಝುಲೇಖಾ.

"ನನಗೆ ಯಂತ್ರ ಬೇಕಿಲ್ಲ, ಕಣ್ಣಿದೆ. ನಿನ್ನೆ ಊಟದ ಹೊತ್ತಿನ ವಿಡಿಯೋ ನೋಡಿದೆ. ಪೂರ್ವಕೂಟದವರ ಮೇಜಿನಲ್ಲಿ ಕೂತು ನಗುತ್ತಿದ್ದಳು. ಬಾಯಿಗೆ ಸೆರಗು ಇಟ್ಟುಕೊಂಡು! ನಮ್ಮ ಜೊತೆ ಎಷ್ಟು ವರ್ಷದ ಸಂಬಂಧ, ಒಮ್ಮೆಯಾದರೂ ಹಾಗೆ ನಕ್ಕಿದ್ದಾಳಾ? ನಮ್ಮ ನೀರು ಕುಡಿಯುವವರು ಸ್ವಾಮಿ, ನಮ್ಮ ನೀರು." ಅವರ ದನಿ ಒಡೆಯಿತು. ಸಾವರಿಸಿಕೊಂಡು, "ಮುಂದಿನ ತಿಂಗಳಿಂದ ನೀರಿನ ಹಡಗು ನಿಲ್ಲಿಸಬೇಕೆಂದು ಬರೆಯುತ್ತೇನೆ. ನಿಮ್ಮ ನಕ್ಷೆ ಜೊತೆಗೆ ಇಡುತ್ತೇನೆ," ಎಂದರು.

ಕರೆ ಮುಗಿಯಿತು. ಝುಲೇಖಾ ಕನ್ನಡಕ ಒರೆಸುತ್ತ, "ಒಂದು ದೇಶ ಹೀಗೆ ಮಾತಾಡ್ತದಾ? ಇದು ಮದುವೆ ಮನೆಯಲ್ಲಿ ಮುನಿಸಿಕೊಂಡ ಭಾವನ ಹಾಗೆ ಆಯ್ತು," ಎಂದರು.

ಸುಜಿತನಿಗೆ ನಗು ಬರಲಿಲ್ಲ. ಆ ಮನುಷ್ಯನ ಬಗ್ಗೆ ಅವನಿಗೆ ಒಂದು ಬಗೆಯ ಅಕ್ಕರೆಯೇ ಹುಟ್ಟಿತ್ತು. ಕಂಡದ್ದನ್ನು ಕಂಡ ಹಾಗೆ ಹೇಳಿದನಲ್ಲ, ಎನಿಸಿತು. ಬಿಡುವು ಸಿಕ್ಕಿದಾಗ ಅವನು ದುಭಾಷಿಗಳ ಕೋಣೆಯ ಮುದ್ರಣವನ್ನೇ ಮತ್ತೆ ತೆರೆದ. ಈ ಸಲ ಅವಳ ನಗುವನ್ನು ಬಿಟ್ಟು ಮೆಲ್ವಿನನ ದನಿಯನ್ನು ಮಾತ್ರ ಕೇಳಿದ. ವಿಶೇಷವೇನೂ ಇಲ್ಲದ ದನಿ, ಸ್ವಲ್ಪ ಮೂಗಿನಿಂದ ಬರುವಂಥದ್ದು. ತನ್ನದೇ ಚೆನ್ನಾಗಿದೆ ಅನ್ನಿಸಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

*

ಭಾನುವಾರ ಮಾತುಕತೆಗೆ ರಜೆ. ಜೋಯ್ಲಿನ್ ನೀರುದೋಸೆ ಹುಯ್ಯುತ್ತಿದ್ದಳು. ಸುಜಿತ್ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಅವಳ ಫೋನು ಸಣ್ಣಗೆ ಗುಂಯ್‌ಗುಟ್ಟಿತು. ಅವಳು ಅದರ ಕಡೆ ತಿರುಗಿದ ಕ್ಷಣದಲ್ಲಿ ಕೈ ಕಾವಲಿಗೆ ತಾಗಿತು.

"ಆವಯ್ ಮ್ಹಜೆ!"

ಅವಳು ನಲ್ಲಿಯ ಕೆಳಗೆ ಕೈ ಹಿಡಿದಳು. ಸುಜಿತ್ ಫೋನಿನ ಕಡೆ ನೋಡಿದ. ಗ್ಯಾಸ್ ಬುಕ್ಕಿಂಗಿನ ಸಂದೇಶ.

ಗಿರಿಜಮ್ಮ ಓಡಿಬಂದು ಸೊಸೆಯ ಬೆರಳನ್ನು ತಿರುಗಿಸಿ ನೋಡಿ, ಜೇನುತುಪ್ಪ ಹಚ್ಚಿದರು. ಆಮೇಲೆ ಮಗನ ಕಡೆ ತಿರುಗಿ ನಗುತ್ತ, "ಕಂಡ್ಯಾ? ನೋವಾರ್ ಮಾತ್ರ ಅವ್ಳಿಗೆ ಕೊಂಕ್ಣಿ ಬತ್ತ್. ಹೆರಿಗಿ ಆಸ್ಪತ್ರಿಯಂಗೂ ಹಂಗೇ. ಅಲ್ಲಿ ಎಂತ ಕೂಗ್ದ್ಳೋ, ನಂಗೊಂದೂ ಗೊತ್ತಾಯ್ಲಿಲ್ಲೆ," ಎಂದರು.

ಆ ಹೆರಿಗೆಯಲ್ಲಿ ಮಗು ಉಳಿದಿರಲಿಲ್ಲ. ಅದರ ಮಾತು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಿದ್ದು ಗಿರಿಜಮ್ಮನಿಗೂ ಆಮೇಲೆ ಅರಿವಾಯಿತು. ಅವರು ಜೇನಿನ ಬಾಟಲಿಯ ಮುಚ್ಚಳ ಹುಡುಕತೊಡಗಿದರು.

"ದೋಸಿ ಸೀತ್," ಎಂದಳು ಜೋಯ್ಲಿನ್, ಅತ್ತೆಯ ಭಾಷೆಯಲ್ಲಿ, ಏನೂ ಆಗದವಳ ಹಾಗೆ. ಸುಟ್ಟ ದೋಸೆಯನ್ನು ಕಿತ್ತು ತೆಗೆದಳು.

ಅವಳು ಕೊಂಕಣಿಯಿಂದ ಕುಂದಾಪುರಕ್ಕೆ ಹೊರಳಿದ್ದು ಸುಜಿತನಿಗೆ ಮೊದಲ ಸಲ ಕೇಳಿಸಿತು. ಕಾರ್ಖಾನೆಯ ಕ್ಯಾಂಟೀನು ನೆನಪಾಯಿತು. ಯಂತ್ರದ ತೂಕಗಳನ್ನು ನಿಗದಿ ಮಾಡಿದ ದಿನ. ಬಂಗುಡೆ ಸಾರಿನ ಊಟ. ಮೇಜಿನ ಒಂದು ತುದಿಯಲ್ಲಿ ತುಳು, ಇನ್ನೊಂದು ತುದಿಯಲ್ಲಿ ಬ್ಯಾರಿ, ಮಧ್ಯೆ ಕೊಂಕಣಿ, ಬಡಿಸುವವನ ಹತ್ತಿರ ಕನ್ನಡ. ಒಂದೇ ವಾಕ್ಯದೊಳಗೆ ಎಲ್ಲರೂ ಎರಡು ಮನೆ ದಾಟುತ್ತಿದ್ದರು. "ಎದುರಿನವರ ಭಾಷೆಗೆ ಹೊರಳುವುದಕ್ಕೆ ಎಷ್ಟು ತೂಕ ಕೊಡೋಣ?" ಎಂದು ಯಾರೋ ಕೇಳಿದಾಗ ಎಲ್ಲರೂ ನಕ್ಕಿದ್ದರು. "ಅದಕ್ಕೆಂತ ತೂಕ? ನಮ್ಮೂರಲ್ಲಿ ನಾಯಿ ಕೂಡ ನಾಲ್ಕು ಭಾಷೆಯಲ್ಲಿ ಓಡ್ತದೆ. ಸೊನ್ನೆ ಹಾಕಿ." ಹಾಗೆ ಹೇಳಿದವನು ಸುಜಿತ್.

*

"ಸೊನ್ನೆ ತೆಗೆದ್ರೆ ಹಳೆಯ ನಕ್ಷೆಗಳೆಲ್ಲ ತಲೆಕೆಳಗಾಗ್ತವೆ, ಗೊತ್ತುಂಟಾ?" ಸೋಮವಾರ ಝುಲೇಖಾ ಕೇಳಿದರು.

"ಗೊತ್ತುಂಟು."

"ಬೇರೆ ಯಾವ ಊರಿನವರು ಕಟ್ಟಿದ್ರೂ ಈ ತಪ್ಪು ಮಾಡ್ತಿರ್ಲಿಲ್ಲ ಅಲ್ವಾ?" ಅವರು ಕುರ್ಚಿ ಎಳೆದು ಕೂತರು. "ನಾನು ಎಷ್ಟು ವರ್ಷದಿಂದ ಆ ಅವಸ್ಥಿ ಜೊತೆ ಅವನ ಭಾಷೆಯಲ್ಲಿ ಮಾತಾಡ್ತಾ ಇದ್ದೇನೆ. ಅವನಿಗೆ ಬ್ಯಾರಿ ಅಂತ ಒಂದು ಭಾಷೆ ಉಂಟು ಅಂತ ಕೂಡ ಗೊತ್ತಿಲ್ಲ. ಹಾಕಿ. ನೋಡುವ."

ಸುಜಿತ್ ತೂಕ ಹಾಕಿದ. ಯಂತ್ರ ಗುನುಗಿತು. ನಕ್ಷೆಯ ಗೆರೆಗಳು ಮಾಸಿ, ಮತ್ತೆ ಮೂಡಿದವು.

ಮಿಲಾವಿನಿಂದ ನಮ್ಮ ರಾಜಧಾನಿಗೆ ಹೋಗುವ ಗೆರೆ ಮುರಿಯುವಷ್ಟು ಬಾಗಿತ್ತು. ಸಕೀನಾ ಮಾನಿಕ ನಮ್ಮವರ ಜೊತೆ ಮಾತಾಡಿದ್ದೆಲ್ಲ ನಮ್ಮ ರಾಜಧಾನಿಯ ಭಾಷೆಯಲ್ಲಿ. ಸಭೆಯಲ್ಲಿ, ಮೆಟ್ಟಿಲಲ್ಲಿ, ಹುಷಾರಿಲ್ಲದ ದಿನ ವೈದ್ಯರ ಹತ್ತಿರ ಕೂಡ. ಪೂರ್ವಕೂಟದವರು ಮಿಲಾವಿಯ ಒಡಕು ಮಾತುಗಳನ್ನು ಕಲಿತು ಬಂದಿದ್ದರು. ತಪ್ಪು ತಪ್ಪಾಗಿ ಆಡುತ್ತಿದ್ದರು. ಅದಕ್ಕೇ ಆಕೆ ನಕ್ಕದ್ದು. ಅಲ್ಲಿ ಗೆರೆಗಳು ಎರಡೂ ಬಾಗಿದ್ದವು, ಒಂದರ ಕಡೆಗೊಂದು, ಆವರಣ ಚಿಹ್ನೆಯ ಹಾಗೆ.

"ಇಷ್ಟು ದಿನ ನಮ್ಮ ಕಾಲಿನ ಕೆಳಗೇ ಇದ್ದವಳು," ಎಂದರು ಝುಲೇಖಾ. "ನಾವು ಕೆಳಗೆ ನೋಡ್ಲೇ ಇಲ್ಲ."

ಅವರು ಚಹಾಕ್ಕೆ ಎದ್ದು ಹೋದ ಮೇಲೆ ಸುಜಿತ್ ಇನ್ನೊಂದು ನಕ್ಷೆ ತೆಗೆದ. ಮೆಲ್ವಿನ್ ಮತ್ತು ಜೋಯ್ಲಿನ್: ಅಲ್ಲಿ ಏನೂ ಬದಲಾಗಿರಲಿಲ್ಲ, ಗೆರೆಗಳೆರಡೂ ಪರಸ್ಪರ ಬಾಗಿದ್ದವು, ಸಮಸಮ. ಇಷ್ಟು ದಿನ ಅವನು ಹಸಿರನ್ನು ಮಾತ್ರ ನೋಡಿದ್ದ. ಆಮೇಲೆ ತನ್ನ ಮನೆಯ ಊಟದ ಹೊತ್ತಿನದು. ಹಳಿಗಳಿರಲಿಲ್ಲ. ಅವನ ಗೆರೆ ಕಡ್ಡಿಯ ಹಾಗೆ ನೇರ. ಅವಳದು ಅವನ ಕಡೆಗೆ ಬಾಗಿ ಬಾಗಿ, ಪರದೆಯ ಅಂಚಿನಲ್ಲಿ ಅವನ ಗೆರೆಗೇ ಅಂಟಿಕೊಂಡು, ಬೇರೆಯಾಗಿ ಕಾಣದಂತಾಗಿತ್ತು.

ಅವನಿಗೆ ಬೇಕಾದದ್ದೇ ಸಿಕ್ಕಿತ್ತು. ಅವಳು ಬಾಗಿದ್ದು ಅವನಿಗೆ. ಆದರೆ ಹೊಟ್ಟೆಯೊಳಗಿನ ಉರಿ ಕಡಿಮೆಯಾಗುವ ಬದಲು ಜಾಗ ಬದಲಿಸಿ ಇನ್ನೂ ಆಳದಲ್ಲಿ ಕೂತಿತು. ಮೆಲ್ವಿನನಿಗೆ ಸಿಕ್ಕಿದ್ದು ಆ ಪುಟ್ಟ ಆವರಣ. ಅದು ಅವನಿಗೆ ಸುಮ್ಮನೆ, ಒಂದು ಕಪ್ಪು ಚಹಾದ ಬಿಡುವಿನಲ್ಲಿ ಸಿಕ್ಕಿತ್ತು.

ಹೊಸ ನಕ್ಷೆ ಕಳಿಸಿದ್ದಕ್ಕೆ ಸಂಜೆಯೊಳಗೆ ಅವಸ್ಥಿಯ ಉತ್ತರ ಬಂತು. ನೀರಿನ ಹಡಗು ನಿಲ್ಲುವುದಿಲ್ಲ. ರಾಜಧಾನಿಯಲ್ಲಿ ಎಲ್ಲರಿಗೂ ಬಹಳ ಸಂತೋಷವಾಗಿದೆ. ನಾಳೆ ನಮ್ಮ ಮಂತ್ರಿಗಳು ತಮ್ಮ ಭಾಷಣದ ಮೊದಲ ಎರಡು ವಾಕ್ಯಗಳನ್ನು ಮಿಲಾವಿಯಲ್ಲಿ ಹೇಳಲಿದ್ದಾರೆ. ವಾಕ್ಯ ಬರೆದುಕೊಡಲು ದುಭಾಷಿಗೆ ತಿಳಿಸಲಾಗಿದೆ.

ಓದುತ್ತ ಸುಜಿತನಿಗೆ ಮನಸ್ಸು ಹಗುರವಾಯಿತು. ಎಷ್ಟು ಸುಲಭ! ಬಸ್ಸಿನಲ್ಲಿ ಮನೆಗೆ ಹೋಗುತ್ತ ಅವನು ಫೋನಿಗೆ ಕೊಂಕಣಿ ಪಾಠ ಇಳಿಸಿಕೊಂಡು, ತುಟಿ ಅಲ್ಲಾಡಿಸುತ್ತ ಕೂತ. ಪಕ್ಕದವನು ಪ್ರಾರ್ಥನೆ ಎಂದುಕೊಂಡು ಸ್ವಲ್ಪ ಸರಿದು ಜಾಗ ಕೊಟ್ಟ.

*

ಗಿರಿಜಮ್ಮ ಕೆಳಗಿನ ಮನೆಯವರ ಜೊತೆ ಕದ್ರಿಗೆ ಹೋಗಿದ್ದರು. ಸುಜಿತ್ ತಾನೇ ಚಹಾ ಮಾಡಿದ. ಜೋಯ್ಲಿನ್ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವನು ಲೋಟ ಹಿಡಿದು ಅವಳ ಮುಂದೆ ನಿಂತು, ಚಹಾ ಬೇಕಾ ಎಂದು, ಪಾಠದಲ್ಲಿದ್ದ ಹಾಗೆ ಬಿಡಿಸಿ ಬಿಡಿಸಿ ಕೇಳಿದ:

"ತುಕಾ... ಚಾ... ಜಾಯ್?"

ಅವಳ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಯಲ್ಲಿ ನಿಂತಿತು. "ಎಂತದ್ದ್ ಇದ್?"

ಅವನು ಎಲ್ಲವನ್ನೂ ಹೇಳಿದ. ಮೈಕು, ನಗು, ಗೆರೆಗಳು, ಕ್ಯಾಂಟೀನಿನ ಸೊನ್ನೆ. ಮೆಲ್ವಿನ್ ವಿಷಯವಾಗಿ ಅನುಮಾನಪಟ್ಟಿದ್ದನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಏರಿತು. ಕಷ್ಟದ ಲೆಕ್ಕ ಬಿಡಿಸಿದವನ ಉತ್ಸಾಹ ಅದರಲ್ಲಿತ್ತು. "ನೀ ಇಷ್ಟು ವರ್ಷ ನಂಗೆ, ಅಮ್ಮನಿಗೆ ಬಗ್ಗಿ ಬಗ್ಗಿ... ಯಂತ್ರದಲ್ಲಿ ಕಂಡೆ. ಇನ್ನು ಹಾಗಿಲ್ಲ. ನಾಳೆಯಿಂದ ನಾವಿಬ್ಬರೂ ಮನೆಯಲ್ಲಿ ಕೊಂಕಣಿಯೇ. ನಾನು ಕಲೀತೆ. ಪಾಠ ಶುರು ಮಾಡಿಯೂ ಆಯ್ತ್."

"ನಮ್ಮನ್ನ್ ತೂಗಿದ್ರಾ?" ಎಂದಳು ಅವಳು.

"ಅದ್ರಿಂದಲೇ ಅಲ್ವಾ ಗೊತ್ತಾದ್ದು?"

"ಮೆಲ್ವಿನ್ ಎಂತ ಹೇಳಿದ ಅಂದೇಳಿ ಗೊತ್ತಿತ್ತಾ ನಿಮ್ಗೆ? ಅವನ ಅಮ್ಮ ಮೀನು ಮಾರುವವಳ ಹತ್ರ ಚರ್ಚೆ ಮಾಡ್ತಾ ಹಲ್ಲಿನ ಸೆಟ್ಟು ಬೀಳಿಸಿಕೊಂಡದ್ದ್. ಅಷ್ಟೇ."

ಸುಜಿತ್ ನಗಲು ನೋಡಿದ. ಅವಳು ನಗಲಿಲ್ಲ.

"ಇವತ್ತ್ ಮಧ್ಯಾಹ್ನ ಆ ಎರಡ್ ಮಿಲಾವಿ ವಾಕ್ಯ ಬರ್ದ್ ಕೊಟ್ಟದ್ದ್ ನಾನೇ," ಎಂದಳು. ಅಂಗಿಯನ್ನು ಮಡಚಿ ಮುಗಿಸಿ ಬದಿಗಿಟ್ಟಳು. "ನಿಮ್ಮ ಮಂತ್ರಿ ಹತ್ತು ಸಲ ಬಾಯಿಪಾಠ ಮಾಡ್ದ. ಚಂದ ಹೇಳ್ತ. ಹೇಳ್ವಾಗ ಅವನ ಮುಖ ಹೇಂಗಿತ್ತ್ ಗೊತ್ತಿತ್ತಾ? ಈಗ ನಿಮ್ಮ ಮುಖ ಇತ್ತಲ, ಹಾಂಗೇ."

"ಹಾಗಾದ್ರೆ ನಾನು ಎಂತ ಮಾಡ್ಕ್ ಹೇಳ್. ಕಲೀದಿದ್ರೂ ತಪ್ಪು, ಕಲಿತ್ರೂ ತಪ್ಪಾ?"

ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡಳು. ಗಿರಿಜಮ್ಮನ ಸೀರೆ. ಅದರ ಒಂದು ಅಂಚನ್ನು ಗಲ್ಲದ ಕೆಳಗೆ ಹಿಡಿದು, ಕೈ ಅಗಲಿಸಿ, ಮಧ್ಯ ಹುಡುಕಿದಳು.

"ನಾನ್ ಇಲ್ಲಿ ಬಂದ ಮೇಲೆ ನಿಮ್ಮ ಅಡುಗಿ ಕಲ್ತೆ, ನಿಮ್ಮ ಹಬ್ಬ ಕಲ್ತೆ, ನಿಮ್ಮನ್ನ್ 'ಹ್ವಾಯ್' ಅಂದ್ ಕರೂಕ್ ಕಲ್ತೆ. ಬೇಜಾರಿಲ್ಲೆ. ಅತ್ತಿ ಒಳ್ಳೆಯವ್ರ್. ಕೊಂಕ್ಣಿ, ಆ ಒಂದ್ ಕೋಣಿ ಮಾತ್ರ ಯಾರೂ ಬರದ ಹಾಂಗೆ ಉಳೀತ್. ಮಗು ಹೋದಾಗ ನಾನ್ ಅಲ್ಲೇ ಕೂಕಂಡ್ ಕಣ್ಣೀರ್ ಹಾಕಿ ಮರ್ಕಿದ್ದ್. ನೀವ್ಯಾರೂ ಕೇಂಬುಕೆ ಬರ್ಲಿಲ್ಲೆ, ಅದಕ್ಕೇ ಮರ್ಕುಕ್ ಆಯ್ತ್. ಈಗ ಒಂದ್ ಯಂತ್ರ ಹೇಳ್ತ್ ಅಂದೇಳಿ, ನಾಳೆಯಿಂದ ಅಂದೇಳಿ, ನೀವೇ ತೀರ್ಮಾನ ಮಾಡಿ, ಬಾಗಿಲ್ ದೂಡ್ಕಂಡ್ ಒಳ್ಗ್ ಬತ್ರಿ. ಕೈಯಂಗೆ ಚಾ ಬೇರೆ."

ಕೆಳಗೆ ರಸ್ತೆಯಲ್ಲಿ ಸಿಟಿ ಬಸ್ಸಿನ ಕಂಡಕ್ಟರು ಬೆಂಗ್ರೆ ದೋಣಿಗೆ ಹೋಗುವವರನ್ನು ತುಳುವಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಕೂಗಿ ಕರೆದ. ಲೋಟದ ಬಿಸಿ ಸುಜಿತನ ಬೆರಳಿಗೆ ಹತ್ತುತ್ತಿತ್ತು. ಕೆಳಗಿಡಲು ಜಾಗ ಕಾಣಲಿಲ್ಲ; ಎಲ್ಲ ಕಡೆ ಮಡಚಿದ ಬಟ್ಟೆ. ಅವನು ಲೋಟವನ್ನು ಇನ್ನಷ್ಟು ಮುಂದೆ ಚಾಚಿದ. ಗಂಟಲು ಸರಿಮಾಡಿಕೊಂಡು, ಈ ಸಲ ಉಚ್ಚಾರ ಸರಿಯಾಗಿ ಬರಲಿ ಎಂದು ನಿಧಾನವಾಗಿ, ಆ ಮೂರು ಶಬ್ದಗಳನ್ನು ಮತ್ತೊಮ್ಮೆ ಹೇಳಿದ.

ಜೋಯ್ಲಿನ್ ಅವನು ಮುಗಿಸುವ ತನಕ ಕಾಯಲಿಲ್ಲ.

"ಬ್ಯಾಡ," ಎಂದಳು, ಕುಂದಾಪುರದಲ್ಲೇ ಹುಟ್ಟಿದವಳ ಹಾಗೆ.